ಹಿಂದಿನ ಸೀಟಿನ ಅಳತೆ

ದೊಡ್ಡ ಗಾಡಿಯ ಹುಚ್ಚು ನಮ್ಮ ಕಡೆಗೂ ಹತ್ತಿದೆ. ಜಮಖಂಡಿಯ ಒಬ್ಬ ಹಲ್ಲಿನ ಡಾಕ್ಟರು, ಮುಧೋಳದ ಇಬ್ಬರು ಕಬ್ಬಿನ ಧಣಿಗಳು, ಬೀಳಗಿಯ ಒಬ್ಬ ಹೈಸ್ಕೂಲು ಮಾಸ್ತರರು, ಹೀಗೆ ಏಳೆಂಟು ಮಂದಿಯ ಅಂಗಳದಲ್ಲಿ ಈಗ ದೂರ ಪ್ರಯಾಣದ ಭಾರಿ ಮೋಟರ್‌ಸೈಕಲ್ಲುಗಳು ನಿಂತಿವೆ. ಗಾಡಿ ಸರಿಯಾಗಿ ಎಳೆಯಲಿಲ್ಲ ಎಂದರೆ, ತಿರುವಿನಲ್ಲಿ ತೇಲಿತು ಎಂದರೆ, ಇವರೆಲ್ಲ ಬನಹಟ್ಟಿಗೆ, ನನ್ನ ಪಾವರ್‌ಲೂಮ್ ಶೆಡ್ಡಿಗೆ ಬರುತ್ತಾರೆ. ನಾನು ಮೆಕ್ಯಾನಿಕ್ ಅಲ್ಲ. ಸೀರೆ ನೇಯಿಸುವವನು. ಆದರೆ ಈ ಭಾಗದಲ್ಲಿ ಅಂಥ ಗಾಡಿ ಮೊದಲು ತಂದವನು ನಾನು, ಅದರ ಒಂದೊಂದು ಬೋಲ್ಟನ್ನೂ ಬಿಚ್ಚಿ ನೋಡಿದವನು ನಾನು. ಹಾಗಾಗಿ ಬರುತ್ತಾರೆ.

ಬಂದವರಿಗೆ ಮೊದಲು ನಾನು ಬೈಯುತ್ತೇನೆ. ಅದು ನನ್ನ ಸ್ವಭಾವ, ಏನು ಮಾಡಲಿ. “ಹೊಸಾ ಸೈಲೆನ್ಸರ್ ಹಾಕಸ್ಬೇಕಂತೀಯಲ್ಲೋ, ಟೈರಿನ ಗಾಳಿ ಯಾವಾಗ ನೋಡೀದಿ?” ಎಂದರೆ ಅವರು ಮೇಲೆ ಕೆಳಗೆ ನೋಡುತ್ತಾರೆ. ಚೈನು ಒಣಗಿ ಕಿರ್ ಅನ್ನುತ್ತಿರುತ್ತದೆ, ಏರ್ ಫಿಲ್ಟರಿನಲ್ಲಿ ಅರ್ಧ ಎರೆಹೊಲ ತುಂಬಿರುತ್ತದೆ, ಕ್ಲಚ್ಚಿನ ಹಿಡಿಕೆ ಆಕಾಶ ನೋಡುತ್ತಿರುತ್ತದೆ. ಇವರಿಗೆ ಮಾತ್ರ ಇನ್ನೂ ಹತ್ತು ಕುದುರೆಯ ಬಲ ಬೇಕು! ಇದ್ದ ನೂರನ್ನೇ ದುಡಿಸಿಕೊಳ್ಳುವುದಕ್ಕೆ ಬಾರದವರು ಇವರು. ಹಿಡಿಕೆ ಇಳಿಸಿ, ಚೈನಿಗೆ ಎಣ್ಣೆ ಬಿಟ್ಟು, ಆಕ್ಸಿಲರೇಟರಿನ ತಂತಿಯ ಸಡಿಲು ತೆಗೆದು ಕಳಿಸುತ್ತೇನೆ. ಮರುದಿನ ಫೋನು ಬರುತ್ತದೆ, “ಕಾಕಾ, ಗಾಡಿ ಬ್ಯಾರೇನ ಆಗೇತ್ರಿ” ಎಂದು.

ಹೋದ ತಿಂಗಳು ಜಮಖಂಡಿಯ ಒಬ್ಬ ಬ್ಯಾಂಕ್ ಅಧಿಕಾರಿ ಬಂದಿದ್ದರು. ಒಳ್ಳೆಯ ಮನುಷ್ಯ. ಎಲ್ಲ ಮುಗಿದ ಮೇಲೆ ಚಹಾ ಕುಡಿಯುತ್ತ ಕೇಳಿದರು, “ಕಾಕಾ, ನಮ್ಮ ಮನಿಯಾಕಿ ಹಿಂದ ಕುಂತ್ರ ನಡಾ ನೋಯ್ತೈತಿ ಅಂತಾಳ್ರಿ. ಹಿಂದಿನ ಸ್ಪ್ರಿಂಗ್ ಎಷ್ಟ್ ಸಡ್ಲ ಮಾಡ್ಲಿ?”

ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ನೆಲಕ್ಕೆ ಬಡಿದೆ. “ಸ್ಪ್ರಿಂಗ್ ಮನಿ ಹಾಳಾಗ್ಲಿ! ಮದ್ಲ ಆಕಿನ್ನ ದವಾಖಾನಿಗೆ ಕರ್ಕೊಂಡ್ ಹೋಗ್ರಿ. ಇವತ್ತ ಹೋಗ್ರಿ. ತೋರ್ಸಿ ಬಂದ್ ಮ್ಯಾಲ ಗಾಡಿ ಮಾತು” ಎಂದು ಶೆಡ್ಡು ಹಾರಿಹೋಗುವ ಹಾಗೆ ಒದರಿದೆ. ಮಗ್ಗ ನಡೆಸುವವರು ಮಗ್ಗ ನಿಲ್ಲಿಸಿ ನೋಡಿದರು. ಅಧಿಕಾರಿ ಅರ್ಧ ಚಹಾ ಬಿಟ್ಟು ಎದ್ದು ಹೋದರು. ಹೆಂಡತಿ ಸತ್ತ ಮೇಲೆ ಇವನ ತಲೆ ನೆಟ್ಟಗಿಲ್ಲ ಎಂದು ಊರಲ್ಲಿ ಮಾತಿದೆ. ಇರಲಿ.

ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಅವಳ ಬೆನ್ನಿನ ನೋವನ್ನು ನಾನು ಹತ್ತು ತಿಂಗಳು ಗಾಡಿಯಲ್ಲಿ ಹುಡುಕಿದೆ. ಅದು ಗಾಡಿಯಲ್ಲಿ ಇರಲಿಲ್ಲ. ಇದನ್ನು ಯಾರಿಗೂ ಪೂರ್ತಿ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ಬರೆದರೆ ಎದೆ ಸ್ವಲ್ಪ ಹಗುರಾದೀತು ಎಂದು ಬರೆಯುತ್ತಿದ್ದೇನೆ, ಆಗುತ್ತದೆಂಬ ನಂಬಿಕೆ ಏನಿಲ್ಲ.

ಗಾಡಿ ತಂದದ್ದು ಮಗಳ ಮದುವೆಯಾದ ಮರುವರ್ಷ. ಮಗಳನ್ನು ಮುಧೋಳಕ್ಕೆ ಕೊಟ್ಟಿದ್ದೆವು. ಮನೆಯಲ್ಲಿ ನಾವಿಬ್ಬರೇ ಉಳಿದೆವು. ಹನ್ನೆರಡನೆಯ ವಯಸ್ಸಿಗೆ ಮಗ್ಗದ ಕುಣಿಯಲ್ಲಿ ಕಾಲಿಟ್ಟವನು ನಾನು. ಆಮೇಲೆ ಪಾವರ್‌ಲೂಮು ಬಂತು, ನಾಲ್ಕು ಮಗ್ಗ ಎಂಟಾದವು, ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಖಟಪಟ ಸದ್ದಿನ ನಡುವೆ ಕಳೆದ ಜೀವ. ನೂಲು ಖರೀದಿಗೆ ಕೊಲ್ಹಾಪುರದ ಕಡೆ ಹೋದಾಗ ಒಬ್ಬರ ಮನೆಯ ಮುಂದೆ ಆ ಗಾಡಿ ಕಂಡೆ. ಎರಡು ಸಿಲಿಂಡರಿನ ಎಂಜಿನ್ನು, ಎತ್ತರದ ಗಾಜು, ಎರಡೂ ಬದಿಗೆ ಪೆಟ್ಟಿಗೆ, ಹಿಂದೆ ಅಗಲವಾದ ಸೀಟು. ಮಾಲೀಕರಿಗೆ ವಯಸ್ಸಾಗಿತ್ತು, ಮಾರುವವರಿದ್ದರು. ಚಾಲೂ ಮಾಡಿ ಒಂದು ಸುತ್ತು ಹೊಡೆದು ಬಂದೆ. ಇಳಿದಾಗ ನನ್ನ ಬಾಯಿ ತಾನಾಗಿ ನಗುತ್ತಿತ್ತು. ಐವತ್ತೆರಡು ವರ್ಷಕ್ಕೆ ಇಂಥದ್ದೊಂದು ಇದೆ ಎಂದು ಗೊತ್ತಾಯಿತಲ್ಲ ಎಂದು ಹೊಟ್ಟೆ ಉರಿಯಿತು ಕೂಡ.

ಮನೆಗೆ ತಂದು ನಿಲ್ಲಿಸಿದಾಗ ಹೆಂಡತಿ ಹೊಸ್ತಿಲಲ್ಲಿ ನಿಂತು ಗಲ್ಲಕ್ಕೆ ಕೈ ಹಚ್ಚಿದಳು. “ಯವ್ವಾ! ಇದೇನ್ರಿ ಇದು, ಎಮ್ಮಿ ತಂದೀರೋ ಗಾಡಿ ತಂದೀರೋ?”

“ಹತ್ತು, ತೋರಸ್ತೀನಿ.”

“ನಾ ಹತ್ತಾಂಗಿಲ್ರಿ. ಓಣಿ ಮಂದಿ ನಗ್ತಾರ.”

ಎರಡನೆಯ ವಾರ ಹತ್ತಿದಳು, ಸೀರೆಯಲ್ಲಿ, ಒಂದೇ ಬದಿಗೆ ಕಾಲು ಹಾಕಿ. ಹಳ್ಳದ ಸೇತುವೆಯವರೆಗೂ ನನ್ನ ಅಂಗಿಯನ್ನು ಹರಿಯುವ ಹಾಗೆ ಹಿಡಿದುಕೊಂಡಿದ್ದಳು. ಆರನೆಯ ವಾರಕ್ಕೆ ಮಗಳ ಹಳೆಯ ಚೂಡಿದಾರ ಬಿಚ್ಚಿ ಹೊಲಿದು ದೊಡ್ಡದು ಮಾಡಿಕೊಂಡು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಎರಡೂ ಬದಿಗೆ ಕಾಲು ಹಾಕಿ ಕುಳಿತಳು. ನಲವತ್ತೇಳು ವರ್ಷದ ಹೆಂಗಸು! ಎದುರು ಮನೆಯ ಮುದುಕಿ ಕಟ್ಟೆಯ ಮೇಲಿಂದ “ಏನ ಹುಡುಗಿ, ಎಲ್ಲಿಗಿ ಹೊಂಟಿ?” ಎಂದು ಕೇಳಿದರೆ ಇವಳು “ತವರಮನಿಗಿ ಬೇ!” ಎಂದು ಕೂಗಿದಳು.

ಅವಳ ತವರು ಅನಗವಾಡಿ, ಹೊಳೆಯ ದಂಡೆಗೆ. ಬನಹಟ್ಟಿಯಿಂದ ಜಮಖಂಡಿ, ಅಲ್ಲಿಂದ ಬೀಳಗಿ, ಅಲ್ಲಿಂದ ಅನಗವಾಡಿ. ಬರುವಾಗ ಮುಧೋಳದ ಮೇಲೆ ಬಂದು ಮಗಳ ಮನೆಯಲ್ಲಿ ಊಟ. ಶೆಡ್ಡಿನ ವಾರದ ರಜೆಯ ದಿನ ಇದೇ ನಮ್ಮ ಸುತ್ತು. ಬೆಳಿಗ್ಗೆ ಬಿಸಿಲು ಏರುವ ಮೊದಲು ಜಮಖಂಡಿ ದಾಟಿದರೆ ಬೀಳಗಿಯವರೆಗೆ ಎರೆಹೊಲಗಳ ನಡುವೆ ರಸ್ತೆ ಖಾಲಿ ಇರುತ್ತದೆ. ಅಲ್ಲಿ ಗಾಡಿಯನ್ನು ಆರನೆಯ ಗೇರಿಗೆ ಹಾಕಿ ಸುಮ್ಮನೆ ಬಿಟ್ಟರೆ ಎಂಜಿನ್ನಿನ ನಡುಕ ನಿಂತು ಒಂದೇ ಸಮನೆ ಗುನುಗುತ್ತದೆ. ನನ್ನ ಎಡಹೆಗಲು ತಟ್ಟಿದರೆ ಚಹಾಕ್ಕೆ ನಿಲ್ಲಿಸಬೇಕು, ಬಲಹೆಗಲು ತಟ್ಟಿದರೆ ನಿಧಾನ ಮಾಡಬೇಕು ಎಂದು ಮಾತಾಗಿತ್ತು. ಆ ರಸ್ತೆಯಲ್ಲಿ ಅವಳು ಎರಡೂ ತಟ್ಟುತ್ತಿರಲಿಲ್ಲ. ಹೆಲ್ಮೆಟ್ಟಿಗೆ ಹೆಲ್ಮೆಟ್ಟು ತಾಗಿಸಿ, “ಇನ್ನೊಂದೀಟ್ ಬಿಡ್ರಿ” ಎನ್ನುತ್ತಿದ್ದಳು.

ನಾನು ಬಿಡುತ್ತಿದ್ದೆ.

ಒಮ್ಮೆ ಮುಧೋಳ ದಾಟಿ ಮಹಾಲಿಂಗಪುರದ ಕಡೆ ಹೊರಳುವಲ್ಲಿ ಒಂದು ತೋಟದ ಬೇಟೆನಾಯಿ, ನಮ್ಮ ಮುಧೋಳದ್ದೇ ತಳಿ, ಬೇಲಿ ಜಿಗಿದು ಗಾಡಿಯ ಜೊತೆಗೆ ಓಡಿಬಂತು. ಬೊಗಳಲಿಲ್ಲ, ಸುಮ್ಮನೆ ಪಂದ್ಯಕ್ಕೆ ಬಂದ ಹಾಗೆ ಓಡಿತು. ಇವಳು ಹಿಂದಿನಿಂದ, “ಹೊಡೀ ಲೇ, ಹೊಡೀ! ಮುದುಕನ್ನ ಸೋಲ್ಸು!” ಎಂದು ನಾಯಿಯ ಕಡೆ ಸೇರಿಕೊಂಡಳು. ಮನೆಗೆ ಬಂದ ಮೇಲೂ ನೆನೆಸಿಕೊಂಡು ರೊಟ್ಟಿ ಬಡಿಯುತ್ತ ನಕ್ಕಳು. ಅಷ್ಟು ನಗುವ ಹೆಂಗಸು ನನ್ನ ಮನೆಯಲ್ಲಿ ಇದ್ದದ್ದು ನನಗೆ ತಿಳಿದೇ ಇರಲಿಲ್ಲ.

ಇಷ್ಟಕ್ಕೆ ಬಿಟ್ಟಿದ್ದರೆ ಸಾಕಿತ್ತು. ಆದರೆ ಮಗ್ಗದವನ ಕೈ ಸುಮ್ಮನಿರುವುದಿಲ್ಲ. ಒಂದು ಯಂತ್ರ ಎದುರಿಗಿದ್ದರೆ ಅದು ಇನ್ನೂ ಚೆನ್ನಾಗಿ ನಡೆಯಬಹುದು ಎಂದೇ ನಮಗೆ ಅನ್ನಿಸುವುದು. ಹಿಂದಿನ ಚಕ್ರದ ಹಲ್ಲುಗಾಲಿ ಬದಲಿಸಿ ಎರಡು ಹಲ್ಲು ಹೆಚ್ಚಿನದು ಹಾಕಿದೆ, ಎಳೆತ ಹೆಚ್ಚಿತು. ಫಿಲ್ಟರು ಬದಲಿಸಿದೆ. ಹ್ಯಾಂಡಲನ್ನು ನನ್ನ ಕಡೆಗೆ ಎರಡು ಬೆರಳು ತಂದೆ, ಭುಜದ ನೋವು ಹೋಯಿತು. ಗಾಜು ಎತ್ತರಿಸಿದೆ, ಹಿಂದೆ ಕೂತವಳ ಮುಖಕ್ಕೆ ಬಡಿಯುವ ಗಾಳಿ ಕಡಿಮೆಯಾಯಿತು. ಒಂದೊಂದು ಬದಲಾವಣೆಯನ್ನೂ ಜೇಬಿನ ಚಿಕ್ಕ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದೆ. ಗಾಡಿಯ ಸುಖ ಎನ್ನುವುದು ವೇಗದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಇಂಥ ಸಣ್ಣ ಸಣ್ಣ ಹೊಂದಾಣಿಕೆಯಲ್ಲಿ ಇದೆ ಎಂದು ನನಗೆ ಆಗ ಖಾತ್ರಿಯಾಗಿತ್ತು. ಈಗಲೂ ಬಂದವರಿಗೆ ಅದನ್ನೇ ಹೇಳುತ್ತೇನೆ.

ಆ ಮಳೆಗಾಲದ ಸುರುವಿಗೆ ಒಂದು ದಿನ, ಅವಳ ತವರಿನ ದಾರಿಯಲ್ಲಿ, ಬಾಡಗಂಡಿಯ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಅವಳು ಇಳಿದು ನಡುವಿಗೆ ಕೈ ಕೊಟ್ಟು ನಿಂತಳು.

“ಯಾಕ?”

“ಏನಿಲ್ರಿ. ಹಿಂದಿನ ಸೀಟ್ ಚೂರ್ ಬಿರುಸಾತು ನೋಡ್ರಿ. ಹಂಪ್ ಬಂದಲ್ಲಿ ನಡಕ್ಕ ಹೊಡೀತೈತಿ.”

ಅಷ್ಟೇ ಅಂದದ್ದು. ನನಗೆ ಖುಷಿಯೇ ಆಯಿತು, ಸುಳ್ಳು ಏಕೆ ಹೇಳಲಿ. ಮಾಡಲು ಒಂದು ಕೆಲಸ ಸಿಕ್ಕಿತು.

ನೇಕಾರರ ಕೆಲಸದ ರೀತಿ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಸೀರೆಯ ಅಂಚು ಸೆಳೆದುಕೊಂಡು ಬಂದರೆ, ಮೈಯಲ್ಲಿ ಗೆರೆ ಬಿದ್ದರೆ, ನಾವು ಸೀರೆಯನ್ನು ನೋಡುತ್ತ ಕೂರುವುದಿಲ್ಲ. ಸೀದಾ ಮಗ್ಗದ ಕೆಳಗೆ ಹೋಗುತ್ತೇವೆ. ಹಾಸಿನ ಉದ್ದ ನೂಲುಗಳ ಬಿಗಿ ಎಷ್ಟಿದೆ, ಎಲ್ಲಿ ಬೋಲ್ಟು ಸಡಿಲಾಗಿದೆ, ಎಲ್ಲಿ ಎಣ್ಣೆ ಒಣಗಿದೆ ಎಂದು ಹುಡುಕುತ್ತೇವೆ. ನಲವತ್ತು ವರ್ಷ ಇದನ್ನೇ ಮಾಡಿದವನು ನಾನು. ಗಾಡಿಯ ಮೇಲೆ ಕುಳಿತವಳಿಗೆ ನೋವು ಎಂದರೆ ತಪ್ಪು ಗಾಡಿಯದು. ಬೇರೆ ಯೋಚನೆ ನನ್ನ ತಲೆಗೆ ಬರಲೇ ಇಲ್ಲ.

ಮರುದಿನವೇ ಅಳತೆಗೆ ನಿಂತೆ. ಹಿಂದಿನ ಸ್ಪ್ರಿಂಗು ಭಾರಕ್ಕೆ ಎಷ್ಟು ಇಳಿಯುತ್ತದೆ ಎಂದು ನೋಡಿ ಬಿಗಿ ಮಾಡಬೇಕೋ ಸಡಿಲ ಮಾಡಬೇಕೋ ತೀರ್ಮಾನಿಸುವುದು ಪದ್ಧತಿ. ಮುಂದಿನ ಚಕ್ರವನ್ನು ಎರಡು ಸಿಮೆಂಟ್ ಇಟ್ಟಿಗೆಯ ನಡುವೆ ನಿಲ್ಲಿಸಿ, ಗೋಡೆ ಹಿಡಿದುಕೊಳ್ಳಲು ಹೇಳಿ ಅವಳೊಬ್ಬಳನ್ನೇ ಹಿಂದಿನ ಸೀಟಿನ ಮೇಲೆ ಕೂರಿಸಿದೆ. ಹಿಂದಿನ ಚಕ್ರದ ನಡುವಿನಿಂದ ಸೀಟಿನ ಕೆಳಗೆ ನಾನು ಹಾಕಿದ ಗುರುತಿನವರೆಗೆ ಟೇಪು ಹಿಡಿದೆ. ಅವಳು ಕೂರುವ ಮೊದಲು ಒಂದು ಅಳತೆ, ಕೂತ ಮೇಲೆ ಒಂದು. ಇಪ್ಪತ್ತೆರಡು ಮಿಲಿಮೀಟರು ಇಳಿಯಿತು. ಬರೆದುಕೊಂಡೆ.

“ಆತೇನ್ರಿ? ಪಲ್ಯಾ ಒಲಿ ಮ್ಯಾಲ ಐತಿ.”

“ಅಲಗ್ಯಾಡಬ್ಯಾಡ. ಉಸ್ರ ಹಿಡಿ.”

“ಫೋಟೋ ತಗ್ಯಾಕತ್ತೀರೇನು?” ಎಂದು ಕೂತಲ್ಲೇ ನಕ್ಕಳು.

ಸ್ಪ್ರಿಂಗನ್ನು ಎರಡು ತಿರುವು ಸಡಿಲ ಮಾಡಿದೆ. ಆ ವಾರ ಅನಗವಾಡಿಗೆ ಹೋಗಿ ಬಂದೆವು. ಹೇಗಿದೆ ಎಂದರೆ, “ಈಗ ಭಾಳ ಆರಾಮ ಐತ್ರಿ” ಎಂದಳು. ನಾನು ಜಗತ್ತನ್ನು ಗೆದ್ದವನ ಹಾಗೆ ಮೀಸೆಯ ಮೇಲೆ ಕೈಯಾಡಿಸಿದೆ.

ಎರಡು ತಿಂಗಳ ಮೇಲೆ ಮತ್ತೆ ನಡ ಹಿಡಿದುಕೊಂಡದ್ದು ಕಂಡೆ. ಅವಳು ಹೇಳಲಿಲ್ಲ, ನಾನೇ ಕಂಡೆ. ಮತ್ತೆ ಕೂರಿಸಿದೆ. ಲೆಕ್ಕ ತಪ್ಪಬಾರದು ಎಂದು ಸ್ಪ್ರಿಂಗಿನ ತಿರುಗಣಿಯನ್ನು ಮೊದಲಿನ ಜಾಗಕ್ಕೇ ತಂದು ಅಳೆದೆ. ಇಪ್ಪತ್ತು ಬಂತು. ಅದೇ ಬಿಗಿ, ಅದೇ ಸೀಟು, ಎರಡು ಮಿಲಿಮೀಟರು ಕಡಿಮೆ ಇಳಿದಿತ್ತು. ಅಂದರೆ ಸ್ಪ್ರಿಂಗು ಬಿರುಸಾಗುತ್ತಿದೆ, ಅದಕ್ಕೇ ಇವಳ ನಡಕ್ಕೆ ಹೊಡೆಯುತ್ತಿದೆ ಎಂದುಕೊಂಡೆ. ಎಲ್ಲ ಸರಿಯಾಗಿ ಹೊಂದಿಕೊಂಡಿತು. ಕೆಳಗಿನ ಕೀಲುಗಳ ಬೇರಿಂಗು ಒಣಗಿರಬೇಕು ಎಂದು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ತುಂಬಿದೆ. ಇಡೀ ಒಂದು ರಜೆ ಅದಕ್ಕೇ ಹೋಯಿತು. ಅವಳು ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು ಪಾನಾ ಕೇಳಿದಾಗ ಪಾನಾ, ಬಟ್ಟೆ ಕೇಳಿದಾಗ ಬಟ್ಟೆ ಕೊಟ್ಟಳು. ಕೂತಲ್ಲಿಂದ ಏಳುವಾಗ ಗಾಡಿಯ ಪೆಟ್ಟಿಗೆ ಹಿಡಿದುಕೊಂಡು ಎದ್ದಳು.

ಮುಂದಿನ ಸಲ ಹದಿನೆಂಟು. ಗ್ರೀಸಿನಿಂದ ಏನೂ ಆಗಲಿಲ್ಲ ಎಂದು ನನಗೆ ರೇಗಿತು. ಸ್ಪ್ರಿಂಗಿನ ನಡುವಿನ ಕೊಳವೆಯೊಳಗಿನ ಎಣ್ಣೆ ಕೆಟ್ಟಿದೆ ಎಂದು ಇಡೀ ಜೋಡಣೆಯನ್ನೇ ಬಿಚ್ಚಿ ಪುಣೆಯ ರಿಪೇರಿಯವರಿಗೆ ಕಳಿಸಿದೆ. ಮೂರು ವಾರ ಗಾಡಿ ಹಿಂದಿನ ಕಾಲಿಲ್ಲದೆ ಶೆಡ್ಡಿನಲ್ಲಿ ತೂಗುಬಿದ್ದಿತ್ತು. ಅದು ಬಂದ ಮೇಲೆ ಹಾಕಿ, ಕೂರಿಸಿ, ಅಳೆದೆ. ಹದಿನೇಳು. ಪುಣೆಯವರಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. ಆ ಮನುಷ್ಯ ಸಮಾಧಾನದಿಂದ, ಸ್ಪ್ರಿಂಗು ಸರಿಯಾಗಿಯೇ ಇದೆ, ಕೂರುವವರ ಭಾರ ಒಮ್ಮೆ ನೋಡಿ ಎಂದು ಹೇಳಿದ. ಹೇಳಿದ, ಖರೆ ಹೇಳುತ್ತೇನೆ, ಈ ಕಿವಿಗೆ ಹೇಳಿದ. “ಭಾರ ಏನ್ ನೋಡೂದೈತಿ ಅದ್ರಾಗ, ನನ್ನ ಹೆಂಡ್ತಿ ಇಪ್ಪತ್ತಾರು ವರ್ಷದಿಂದ ಅದ ಹೆಂಡ್ತಿ” ಎಂದು ಫೋನು ಕುಕ್ಕಿದೆ. ಅದರ ಮುಂದಿನ ಅಳತೆ ಹದಿನಾರು.

ಇನ್ನೊಂದು ಸಂಗತಿ ಬರೆಯಲು ನಾಚಿಕೆಯಾಗುತ್ತದೆ. ಅದೇ ದಿನಗಳಲ್ಲಿ ಗಾಡಿ ಹಿಂದೆಂದಿಗಿಂತ ಚೆನ್ನಾಗಿ ಓಡುತ್ತಿತ್ತು. ಬೀಳಗಿಯ ಏರಿನಲ್ಲಿ ಮೊದಲು ಗೇರು ಇಳಿಸಬೇಕಾಗಿತ್ತು, ಈಗ ಬೇಕಾಗಲಿಲ್ಲ. ಒಂದು ಲೀಟರಿಗೆ ಇನ್ನೂ ಸ್ವಲ್ಪ ದೂರ ಹೋಗುತ್ತಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು ಸಾಲಾಗಿ ಬರುವ ಆ ರಸ್ತೆಯಲ್ಲಿ ಹಿಂದೆ ಹಾಕಬೇಕೆಂದರೆ ಕೈ ತಿರುಗಿಸುವಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತಿತ್ತು. ಎಲ್ಲ ನನ್ನ ಕೈಚಳಕ ಎಂದು ಜಮಖಂಡಿಯ ಹಲ್ಲಿನ ಡಾಕ್ಟರ ಮುಂದೆ ಎದೆಯುಬ್ಬಿಸಿ ಹೇಳಿದ್ದೆ. ಅವರು ಅದೇ ಹಲ್ಲುಗಾಲಿ ತರಿಸಿಕೊಂಡರು.

ಮುಧೋಳದಲ್ಲಿ ಮಗಳು ಒಂದು ದಿನ ಊಟಕ್ಕೆ ಬಡಿಸುತ್ತ ಅವ್ವನ ತೋಳು ಹಿಡಿದು ನೋಡಿದಳು. “ಅಪ್ಪಾ, ಅವ್ವ ಎಷ್ಟ್ ಸೊರಗ್ಯಾಳಲ್ಲ. ಬಳಿ ಮೊಣಕೈತನಾ ಏರ್ತಾವು ನೋಡು.”

ನಾನು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ, “ಗಾಡಿ ಮ್ಯಾಲ ಅಡ್ಯಾಡಿ ಮೈ ಹಗುರ ಆಗೇತಿ. ಛಲೋನ ಆತಲ್ಲ. ನಿನ್ನ ಅತ್ತಿನ್ನೂ ಕುಂದರ್ಸು” ಎಂದೆ. ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕು ತೋಳು ಬಿಡಿಸಿಕೊಂಡಳು, ಮಗಳ ಕಣ್ಣು ತಪ್ಪಿಸಿ ಸಾರು ಹಾಕಿಕೊಂಡಳು. ಅವಳ ತಾಟಿನಲ್ಲಿ ಒಂದೇ ರೊಟ್ಟಿ ಇತ್ತು, ಅದರಲ್ಲೂ ಅರ್ಧ ನನ್ನ ತಾಟಿಗೆ ಬಂತು.

ಕಬ್ಬಿನ ಹಂಗಾಮು ಮುಗಿಯುತ್ತ ಬಂದಿತ್ತು. ತವರಿನಿಂದ ಬರುವಾಗ ಬಾಡಗಂಡಿಯ ಅದೇ ಚಹಾದ ಅಂಗಡಿ. ಚಹಾ ಕುಡಿದು ನಾನು ಗಾಡಿ ಚಾಲೂ ಮಾಡಿದೆ. ಅವಳು ನನ್ನ ಹೆಗಲು ಹಿಡಿದು ಹತ್ತಲು ಹೋದಳು. ಬಲಗಾಲು ಎತ್ತಿದಳು, ಅದು ಮೇಲೆ ಬರಲಿಲ್ಲ. ಇನ್ನೊಮ್ಮೆ ಎತ್ತಿದಳು. ಬರಲಿಲ್ಲ. ಆಗ ನಾನು ಆಡಿದ ಮಾತು ಇದು:

“ಸೀಟ್ ಎತ್ತರ ಆತೇನು? ತಡಿ, ಮನಿಗಿ ಹೋಗಿ ಒಂದ್ ಇಂಚ್ ಇಳಸ್ತೀನಿ.”

ಅವಳು ಹೆಗಲು ಬಿಟ್ಟಳು. ತಿರುಗಿ ನೋಡಿದರೆ ರಸ್ತೆಯ ಬದಿಗೆ ಮಣ್ಣಿನಲ್ಲಿ ಕುಳಿತಿದ್ದಳು. “ಕಾಲಾಗ ಶಕ್ತಿನ ಇಲ್ರಿ” ಎಂದಳು. ಅಷ್ಟು ಮೆಲ್ಲಗೆ ಅವಳು ಯಾವತ್ತೂ ಮಾತಾಡಿರಲಿಲ್ಲ. ಚಹಾದವನು ಓಡಿಬಂದ, ಯಾರೋ ಒಂದು ಕಾರು ನಿಲ್ಲಿಸಿದರು. ಬೀಳಗಿಯಲ್ಲಿ ತೋರಿಸಿದೆವು, ಅವರು ಒಂದು ಗಳಿಗೆಯೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಮರುದಿನ ಮಿರಜಿನಲ್ಲಿದ್ದೆವು. ಗಾಡಿ ಆ ಅಂಗಡಿಯ ಮುಂದೆಯೇ ಇಪ್ಪತ್ತು ದಿನ ನಿಂತಿತ್ತು, ಆಮೇಲೆ ಅಳಿಯ ಹೋಗಿ ತಂದ.

ಎಲ್ಲ ಫೋಟೋ, ಸ್ಕ್ಯಾನು ಆದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. ಮಗಳ ವಯಸ್ಸಿನ ಹೆಣ್ಣುಮಗಳು, ಮರಾಠಿ ಬೆರೆತ ಕನ್ನಡ. ಬೆನ್ನುಮೂಳೆಗೆ ಗಂಟು ಬಂದಿದೆ, ಅದು ಬೇರೆ ಕಡೆಯಿಂದ ಹಬ್ಬಿ ಬಂದದ್ದು ಎಂದು ಹೇಳಿ, ಹೆಂಡತಿಯ ಕಡೆ ತಿರುಗಿ ಕೇಳಿದರು: “ಆಯಿ, ನೋವು ಕಧೀಪಾಸೂನ, ಯಾವಾಗಿಂದ ಐತಿ? ವಜನ ಯಾವಾಗಿಂದ ಇಳೀಲಿಕ್ಕತ್ತು?”

“ಒಂದ್ ತಿಂಗಳ ಆತ್ರಿ. ವಜನ ಗೊತ್ತಿಲ್ರಿ, ನಮ್ಮ ಮನ್ಯಾಗ ತಕ್ಕಡಿ ಇಲ್ಲ” ಎಂದಳು ಹೆಂಡತಿ, ನನ್ನ ಕಡೆ ನೋಡದೆ.

“ಸುಳ್ಳ ಹೇಳಬ್ಯಾಡ” ಎಂದೆ ನಾನು. “ಹತ್ತ್ ತಿಂಗಳಾತ್ರಿ ಡಾಕ್ಟರ. ನಾ ಬರದಿಟ್ಟೇನಿ.” ಜೇಬಿನಿಂದ ನೋಟ್‌ಬುಕ್ಕು ತೆಗೆದು ಮೇಜಿನ ಮೇಲಿಟ್ಟೆ. ನೋವಿನ ತಾರೀಖು ತೋರಿಸಬೇಕು ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು.

ಅವರು ಪುಟ ತಿರುವಿದರು. “ಇದು ಏನ್ರಿ, ಬಾವೀಸ್, ಇಪ್ಪತ್ತೆರಡು? ಮತ್ತ ವೀಸ್, ಅಠರಾ?”

“ಅದು ಗಾಡಿದ್ರಿ. ಆಕಿ ಹಿಂದ ಕುಂತ್ರ ಗಾಡಿ ಎಷ್ಟ್ ಇಳೀತೈತಿ ಅಂತ. ಪ್ರತಿ ಸಲಾನೂ ಅದ ಬಿಗಿಗಿ ಇಟ್ಟ, ಆಕಿ ಒಬ್ಬಾಕಿನ್ನ ಕುಂದರ್ಸಿ, ಆಕಿ ಭಾರಕ್ಕ ಎಷ್ಟು...”

ಅಲ್ಲಿಗೆ ನನ್ನ ಬಾಯಿ ನಿಂತುಹೋಯಿತು. ಇಪ್ಪತ್ತೆರಡು, ಇಪ್ಪತ್ತು, ಹದಿನೆಂಟು, ಹದಿನೇಳು, ಕೊನೆಗೆ ಹದಿನಾರು. ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ. ನನ್ನ ಹೆಂಡತಿ ಕರಗುತ್ತ ಹೋದದ್ದನ್ನು ನಾನು ತಾರೀಖು ಹಾಕಿ, ನನ್ನ ಕೈಯಿಂದಲೇ, ಅಂದವಾಗಿ ಬರೆದಿಟ್ಟಿದ್ದೆ. ಏರಿನಲ್ಲಿ ಗಾಡಿ ಹಗುರವಾಗಿ ಹತ್ತಿದ್ದಕ್ಕೆ ಖುಷಿಪಟ್ಟಿದ್ದೆ. ಡಾಕ್ಟರು ನೋಟ್‌ಬುಕ್ಕು ಮುಚ್ಚಿ ನನ್ನ ಕಡೆ ಮೆಲ್ಲಗೆ ಸರಿಸಿದರು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಆಮೇಲೆ ಹೊರಗೆ ಅವರೊಬ್ಬರನ್ನೇ ಹಿಡಿದು ಕೇಳಿದೆ. “ಸಾಂಗತಾ ಯೇತ ನಾಹೀ, ಹೇಳ್ಲಿಕ್ಕೆ ಬರೂದಿಲ್ಲ ಕಾಕಾ” ಎಂದರು. ಇಲ್ಲ ಎಂದು ಹೇಳಿಬಿಡಬಹುದಿತ್ತು, ನಾನು ಹೇಗೋ ಬದುಕುತ್ತಿದ್ದೆ. ಸುಳ್ಳು ಹೇಳಲು ಅವರಿಗೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಅವಳು ಏಳು ವಾರ ಇದ್ದಳು. ಮಗಳು ಬಂದು ಹೋಗಿ ಮಾಡುತ್ತಿದ್ದಳು, ನಾನು ಕದಲಲಿಲ್ಲ. ಮಂಚದ ಪಕ್ಕದಲ್ಲಿ ಕೂತು ಅವಳ ಕಾಲು ಒತ್ತುತ್ತಿದ್ದೆ. ಒತ್ತಿದ್ದು ಅವಳಿಗೆ ತಿಳಿಯುತ್ತಿರಲಿಲ್ಲ, ಆದರೂ ಒತ್ತುತ್ತಿದ್ದೆ. ನನ್ನೊಳಗೆ ಒಂದೇ ಪ್ರಶ್ನೆ ಕುದಿಯುತ್ತಿತ್ತು. ನಾನಂತೂ ಗಾಡಿಯ ಹುಚ್ಚಿನಲ್ಲಿ ಕುರುಡನಾದೆ. ಇವಳಿಗೆ ತನ್ನ ಮೈ ತಿಳಿಯದೆ ಹೋಯಿತೆ? ಸೀರೆಯ ಜಂಪರು ಎರಡು ಸಲ ಹೊಲಿಗೆ ಹಾಕಿ ಸಣ್ಣದು ಮಾಡಿಕೊಂಡಿದ್ದಳು, ಅದು ಮಗಳಿಂದ ಗೊತ್ತಾಯಿತು. ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತರಿಸಿ ಅಕ್ಕಿಯ ಡಬ್ಬಿಯಲ್ಲಿ ಇಟ್ಟುಕೊಂಡು, ರಜೆಯ ದಿನ ಬೆಳಿಗ್ಗೆ ಹೊರಡುವ ಮೊದಲು ಎರಡೆರಡು ನುಂಗುತ್ತಿದ್ದಳು, ಅದೂ ಆಮೇಲೆ ಗೊತ್ತಾಯಿತು.

ಒಂದು ಮಧ್ಯಾಹ್ನ ನೋವು ಸ್ವಲ್ಪ ತಗ್ಗಿ ಅವಳು ಎಚ್ಚರಾಗಿದ್ದಳು. ದಿಂಬಿಗೆ ಒರಗಿಸಿ ಕೂರಿಸಿದ್ದರು. ನಾನು ಕೇಳಿಬಿಟ್ಟೆ.

“ಯಾಕ ಹೇಳ್ಲಿಲ್ಲ ನೀ? ಗೊತ್ತಿತ್ತಲ್ಲ ನಿನಗ?”

“ಗೊತ್ತಿತ್ರಿ” ಎಂದಳು. “ಇಂಥಾದ್ದು ಅಂತ ಗೊತ್ತಿರ್ಲಿಲ್ಲ. ಏನೋ ಐತಿ ಅಂತ ಗೊತ್ತಿತ್ತು.”

“ಮತ್ತ?”

ಅವಳು ಮೆಲ್ಲಗೆ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಹೇಳಿದಳು. “ಗಾಡಿ ಬಂದಾಗಿಂದ ನೀವು ನನಗ ಒಂದ್ ಸಲಾನೂ ಒದರಿಲ್ಲ. ನಿಮಗ ನೆಪ್ಪ ಐತೇನು?”

ನನಗೆ ನೆನಪಿರಲಿಲ್ಲ. ಲಕ್ಷ್ಯವೇ ಇರಲಿಲ್ಲ.

“ಸಾರಿಗಿ ಉಪ್ಪ ಕಡಿಮಿ ಆದ್ರ ಒದರ್ತಿದ್ರಿ. ನೂಲು ತಡಾ ಆಗಿ ಬಂದ್ರ ಅದಕ್ಕೂ ನನಗ ಒದರ್ತಿದ್ರಿ. ನೀವು ಕೆಟ್ಟೋರಲ್ರಿ, ನಿಮ್ಮ ದನಿನ ಹಂಗ ಅಂತ ನಾನೂ ಸುಮ್ನಿದ್ದೆ. ಆದ್ರ ಗಾಡಿ ಬಂದ್ ಮ್ಯಾಲ ನೀವು ಬ್ಯಾರೇನ ಮನಷ್ಯಾ ಆದ್ರಿ. ನನ್ನ ಕೂಡ ಮಾತಾಡಾಕತ್ತಿದ್ರಿ. ನಗಾಕತ್ತಿದ್ರಿ. ದವಾಖಾನಿ ಸುರು ಆದ್ರ ಗಾಡಿ ನಿಲ್ತಿತ್ತು. ಗಾಡಿ ನಿಂತ್ರ ಮತ್ತ ಮೊದಲಿನಂಗ ಆಗ್ತಿದ್ರಿ. ಅದಕ್ಕ ಇನ್ನೊಂದ್ ವಾರ ಹೋಗ್ಲಿ, ಇನ್ನೊಂದ್ ವಾರ ಹೋಗ್ಲಿ ಅಂತ ದೂಡಿದೆ.”

ಆಗ ನಾನು ಅವಳ ಕೈ ಹಿಡಿಯಬೇಕಾಗಿತ್ತು. ಕಾಲು ಹಿಡಿಯಬೇಕಾಗಿತ್ತು. ಒಳಗೆ ಎದ್ದದ್ದು ಅಳು ಎಂದು ನನಗೇ ತಿಳಿಯಲಿಲ್ಲ. ಬಾಯಿಂದ ಬಂದದ್ದು ಮಾತ್ರ ಬೇರೆ.

“ಹುಚ್ಚಿ ಅದೀಯೇನ್ ನೀ?” ಎಂದು ಒದರಿದೆ. “ಬುದ್ಧಿ ಐತೇನು ನಿನಗ? ಜೀವಾ ಹೋಗಾಕತ್ತಿತ್ತು, ಬಾಯಿ ಮುಚ್ಕೊಂಡ ಕುಂತಿದ್ಯಲ್ಲ! ಒಂದ್ ಮಾತ್ ಹೇಳಾಕ ಏನ್ ರೋಗ ಬಡದಿತ್ತು?”

ಇಡೀ ವಾರ್ಡು ತಿರುಗಿ ನೋಡಿತು. ನರ್ಸು ಓಡಿಬಂದಳು. ನನ್ನ ಕೈ ಗಾಳಿಯಲ್ಲಿ ಎತ್ತಿದ್ದು ಹಾಗೆಯೇ ಇತ್ತು.

ಹೆಂಡತಿ ಬೆಚ್ಚಲಿಲ್ಲ. ಇಪ್ಪತ್ತಾರು ವರ್ಷದ ರೂಢಿಯಿಂದ ಅವಳ ಬಲಗೈ ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ಹೆಗಲಿಗೆ ಹೋಯಿತು. ಮೈಮೇಲೆ ಇದ್ದದ್ದು ಆಸ್ಪತ್ರೆಯ ಅಂಗಿ, ಅದಕ್ಕೆ ಸೆರಗಿರಲಿಲ್ಲ. ಕೈ ಸ್ವಲ್ಪ ಹೊತ್ತು ಅಲ್ಲೇ ಹುಡುಕಾಡಿ ಕೆಳಗಿಳಿಯಿತು. ಅವಳು ನನ್ನ ಮುಖ ನೋಡದೆ, ಹೊದಿಕೆ ನೋಡುತ್ತ, “ತಪ್ಪಾತ್ರಿ” ಎಂದಳು.